ಅರ್ಧ ಸೇರು ಧೂಳು

ಸಾವಿರದ ಒಂಬೈನೂರ ಅರವತ್ತೊಂದನೆಯ ಇಸವಿ ಡಿಸೆಂಬರ್ ತಿಂಗಳ ಕೊನೆಯ ವಾರದಲ್ಲಿ ಮುಂಡಕಜೆ ಹೊಳೆಯ ಕಾಂಕ್ರೀಟು ಸೇತುವೆ ಪೂರ್ಣಗೊಂಡಿತು. ಕಡಬದ ಕಡೆಯ ಅರ್ಧ ಪೂರ್ಣಗೊಂಡಿತು, ಸುಳ್ಯದ ಕಡೆಯ ಅರ್ಧವೂ ಪೂರ್ಣಗೊಂಡಿತು. ಎರಡು ಅರ್ಧಗಳು ಹೊಳೆಯ ನಡುವೆ ಸಂಧಿಸಿದ ಜಾಗದಲ್ಲಿ ಸುಳ್ಯದ್ದು ಕಡಬದ್ದಕ್ಕಿಂತ ನಾಲ್ಕು ಇಂಚು ಎತ್ತರವಿತ್ತು. ಇದನ್ನು ಯಾರೂ ತಪ್ಪು ಎಂದು ಕರೆಯಲಿಲ್ಲ. ಗ್ರಾಮಾಂತರ ಸೇತು ಇಲಾಖೆಯ ಪುತ್ತೂರು ಕಚೇರಿಯ ಕಡತದಲ್ಲಿ ಇದರ ಹೆಸರು ‘ಮಟ್ಟದ ಭಿನ್ನಾಭಿಪ್ರಾಯ’.

ಭಿನ್ನಾಭಿಪ್ರಾಯಕ್ಕೆ ಸಕಾರಣವಿತ್ತು. ಕಡಬದ ಕಡೆಯವರು ಇಲಾಖೆಯ ಟೇಪು ಹಿಡಿದು ಅಳೆದಿದ್ದರು. ಸುಳ್ಯದ ಕಡೆಯ ಟೇಪು ಮಳೆಗಾಲದ ಆಟಿ ತಿಂಗಳ ನೆರೆಯಲ್ಲಿ ಹೊಳೆಪಾಲಾಗಿತ್ತು. ಹೊಸ ಟೇಪಿಗೆ ಬರೆದ ಪತ್ರಕ್ಕೆ ಉತ್ತರ ಬರುವ ಮೊದಲು ಕಂಬ ಏಳಬೇಕಾಗಿದ್ದುದರಿಂದ ಆ ಊರಿನ ಹಿರಿಯ ಬಡಗಿಯೊಬ್ಬ ತನ್ನ ಅಳತೆಯ ಕೋಲು ತಂದು ಕೊಟ್ಟ. ಅದು ಆತನ ಅಜ್ಜ ದೈವದ ಗುಡಿ ಕಟ್ಟಿದ ಕೋಲು. ದೈವದ ಕೆಲಸದಲ್ಲಿ ಅಳತೆ ಕಮ್ಮಿ ಬಿದ್ದರೆ ಅಪಚಾರವೆಂದು ಅಜ್ಜ ಪ್ರತಿ ಕೋಲಿಗೆ ಒಂದು ಬೆರಳು ಹೆಚ್ಚಿಗೆ ಇಟ್ಟಿದ್ದ. ಆರು ಕೋಲಿಗೆ ಆರು ಬೆರಳು, ಅಂದರೆ ನಾಲ್ಕು ಇಂಚು ಮತ್ತು ಸ್ವಲ್ಪ. ಆ ಸ್ವಲ್ಪವನ್ನು ಇಲಾಖೆ ಮನ್ನಿಸಿತು.

ಪರೀಕ್ಷೆಗೆಂದು ಒಂದು ಬಸ್ಸನ್ನು ದಾಟಿಸಲಾಯಿತು. ಕಡಬದಿಂದ ಬಂದ ಬಸ್ಸು ನಡುವಿನ ಮೆಟ್ಟಿಲಿಗೆ ಬಡಿದು ನಿಂತಿತು. ಹಿಂದಿನ ಸೀಟಿನವರು ಮುಂದಿನ ಸೀಟಿಗೆ ಬಂದರು. ಟಿಕೇಟು ಬದಲಾಯಿಸಬೇಕೇ ಎಂದು ಕಂಡಕ್ಟರು ಕೇಳಿದ.

ತಗ್ಗಿನ ಅರ್ಧವನ್ನು ಎತ್ತರಿಸಬಹುದಿತ್ತು, ಆದರೆ ಆ ವರ್ಷದ ಸಿಮೆಂಟಿನ ಕೋಟಾ ಮುಗಿದಿತ್ತು. ಆದ್ದರಿಂದ ಎತ್ತರದ ಅರ್ಧವನ್ನು ನಾಲ್ಕು ಇಂಚು ಕೆತ್ತಿ, ಉಜ್ಜಿ, ತಗ್ಗಿಸತಕ್ಕದ್ದೆಂದು ತೀರ್ಮಾನವಾಯಿತು. ಕೆತ್ತುವ ಕೆಲಸ ಡೊಂಬಯ್ಯನಿಗೆ ಬಂತು.

ಡೊಂಬಯ್ಯ ಗುತ್ತಿಗಾರಿನ ಕಡೆಯವನು. ಹಗಲು ಉಳಿ ಸುತ್ತಿಗೆ ಹಿಡಿದು ಕಲ್ಲಿನ ಕೆಲಸ ಮಾಡುತ್ತಿದ್ದ. ಆದರೆ ಊರಿನಲ್ಲಿ ಅವನಿಗೆ ಮರ್ಯಾದೆ ಇದ್ದದ್ದು ಕಲ್ಲಿನಿಂದಲ್ಲ, ಕೊಂಬಿನಿಂದ. ದೈವದ ಗುಡಿಯಲ್ಲಿ ಕೊಂಬು ಊದುವುದು ಅವನ ಮನೆತನದ ಹಕ್ಕು. ಪತ್ತನಾಜೆಯ ದಿನ, ಅಂದರೆ ಮಳೆಗಾಲಕ್ಕೆ ಮೊದಲು ಎಲ್ಲ ದೈವದ ನೇಮ, ಯಕ್ಷಗಾನದ ಆಟಗಳನ್ನು ನಿಲ್ಲಿಸಿ ಗುಡಿಯ ಬಾಗಿಲು ಹಾಕುವ ದಿನ, ಮೂರು ಸಲ ಕೊಂಬು ಊದಬೇಕು. ಮೂರು ಸಲವೂ ಉಸಿರು ಕಡಿಯಬಾರದು. ಕಡಿದರೆ ಹಕ್ಕು ದಾಯಾದಿಗೆ ಹೋಗುತ್ತದೆ. ದಾಯಾದಿಯ ಹೆಸರು ಕುಕ್ಕಪ್ಪ. ಅವನು ಹದಿನಾರು ವರ್ಷಗಳಿಂದ ಉಸಿರು ಕಟ್ಟಿ ಕಾಯುತ್ತಿದ್ದ.

ಕಾಂಕ್ರೀಟು ಕೆತ್ತಿದ ಮೊದಲ ದಿನ ಸಂಜೆ ಡೊಂಬಯ್ಯ ಮನೆಗೆ ಹೋದಾಗ ಹೆಂಡತಿ ದೇವಮ್ಮ ಬಾಗಿಲಲ್ಲೇ ತಡೆದಳು.

“ಯಾರು ನೀವು? ಯಾವ ಮೇಳದವರು? ಆಟ ನಮ್ಮಲ್ಲಿ ಇಲ್ಲ.”

“ನಾನು ಮಾರಾಯ್ತಿ.”

“ಹಿಟ್ಟಿನ ಮಿಲ್ಲಿಗೆ ಬಿದ್ದದ್ದಾ?”

ಡೊಂಬಯ್ಯ ಉತ್ತರ ಹೇಳಲು ಬಾಯಿ ತೆರೆದ. ಉತ್ತರ ಬರಲಿಲ್ಲ, ಕೆಮ್ಮು ಬಂತು. ಅಭ್ಯಾಸದಂತೆ ಅಂಗಳದಲ್ಲಿ ನಿಂತು ಕೊಂಬು ಊದಿದರೆ ಕೊಂಬೂ ಕೆಮ್ಮಿತು. ಆಚೆ ಗುಡ್ಡೆಯಿಂದ ಕುಕ್ಕಪ್ಪ “ಎಂತ ಅಣ್ಣ, ಕೋಣಕ್ಕೆ ಹುಷಾರಿಲ್ವಾ?” ಎಂದು ಬಹಳ ಕಾಳಜಿಯಿಂದ ವಿಚಾರಿಸಿದ.

ಮರುದಿನ ದೇವಮ್ಮ ತಾನೂ ಕೆಲಸಕ್ಕೆ ಬಂದಳು. ಕೆತ್ತಿದ ಚೂರು ಹೊರುವ ಹೆಂಗಸಾಗಿ ಅವಳ ಹೆಸರು ಪಟ್ಟಿಗೆ ಸೇರಿತು. ಅವಳ ತವರಿನವರು ಕೆಂಪುಕಲ್ಲು ಕಡಿಯುವವರು. ಕಲ್ಲಿಗೆ ಕೊಡಲಿ ಹಾಕುವ ಮೊದಲು ನೀರು ಹಾಕುವುದನ್ನು ಅವಳು ಹುಟ್ಟಿನಿಂದ ಕಂಡಿದ್ದಳು. ಮನೆಯಿಂದ ತಂದ ಕೊಡಪಾನಕ್ಕೆ ಹಗ್ಗ ಕಟ್ಟಿ ಸೇತುವೆಯ ಮೇಲಿಂದ ಹೊಳೆಗೆ ಬಿಟ್ಟು, ನೀರು ಸೇದಿ, ಗಂಡನ ಉಳಿ ಬೀಳುವ ಜಾಗಕ್ಕೆ ತೆಳ್ಳಗೆ ಹೊಯ್ಯುತ್ತಾ ಕೂತಳು. ಧೂಳು ಏಳಲಿಲ್ಲ. ಬೂದು ಬಣ್ಣದ ನೀರು ಹರಿದು ಹೋಯಿತು, ಅಷ್ಟೆ. ಕೆಲಸಗಾರರ ಮೇಸ್ತ್ರಿ ಹೈದರ್ “ಇಷ್ಟು ಸುಲಭ ಉಂಟಾ?” ಎಂದು ಬೀಡಿ ಹಚ್ಚಿದ.

ಅಷ್ಟು ಸುಲಭವಿಲ್ಲ ಎಂಬುದು ಮೂರನೆಯ ದಿನ ಇಂಜಿನಿಯರ್ ಶ್ರೀಕೃಷ್ಣ ಅವರು ತಪಾಸಣೆಗೆ ಬಂದಾಗ ತಿಳಿಯಿತು.

ಶ್ರೀಕೃಷ್ಣರ ಪ್ರಾಮಾಣಿಕತೆಯ ಬಗ್ಗೆ ಇಡೀ ತಾಲೂಕಿನಲ್ಲಿ ಎರಡು ಮಾತಿರಲಿಲ್ಲ. ಗುತ್ತಿಗೆದಾರರ ಮನೆಯ ಬೊಂಡದ ಎಳನೀರನ್ನೂ ಅವರು ಮುಟ್ಟಿದವರಲ್ಲ. ಬಾಯಾರಿದಾಗ ತಮ್ಮ ಮನೆಯಿಂದ ತಂದ ನೀರನ್ನು, ಅದೂ ಕಚೇರಿ ಸಮಯದ ಹೊರಗೆ, ಕುಡಿಯುತ್ತಿದ್ದರು. ನಿಯಮದಲ್ಲಿ ಇಲ್ಲದ ಉಪಕಾರವನ್ನು ಅವರು ಯಾರಿಗೂ ಮಾಡಿದ್ದಿಲ್ಲ. ನಿಯಮದಲ್ಲಿ ಇರುವ ಉಪದ್ರವವನ್ನು ಯಾರಿಗೂ ತಪ್ಪಿಸಿದ್ದೂ ಇಲ್ಲ.

“ಇಲ್ಲಿ ನೀರು ಯಾಕೆ ಬಿದ್ದಿದೆ?” ಎಂದು ಅವರು ಕೇಳಿದರು.

“ಧೂಳು ಏಳಬಾರ್ದು ಅಂತ ಸ್ವಾಮಿ,” ಎಂದ ಹೈದರ್.

“ಕಾಂಕ್ರೀಟಿಗೆ ನೀರು ಕುಡಿಸುವ ಅವಧಿ ಎಷ್ಟು?”

“ಇಪ್ಪತ್ತೊಂದು ದಿನ.”

“ಮುಗಿದಿದೆಯೋ?”

“ಮುಗಿದು ಬಹಳ ದಿನ ಆಯ್ತು.”

“ಹಾಗಾದರೆ ಇದು ಇಪ್ಪತ್ತೊಂದು ದಿನ ಕಳೆದ ಮೇಲಿನ ನೀರು. ಅಂದಾಜುಪಟ್ಟಿಯಲ್ಲಿ ಅಂಥ ನೀರಿಲ್ಲ.”

ದೇವಮ್ಮ ಕೊಡಪಾನ ಕೆಳಗಿಟ್ಟು ಹೇಳಿದಳು, “ನೀರು ಯಾರೂ ಕೊಡ್ಬೇಕು ಅಂತ ಇಲ್ಲ ಸ್ವಾಮಿ. ಹೊಳೆ ಕೆಳಗೇ ಉಂಟಲ್ಲ.”

“ಹೊಳೆ ಕೆಳಗಿದೆ ಎಂಬುದು ಇಲಾಖೆಗೆ ಗೊತ್ತು. ಅದಕ್ಕಾಗಿಯೇ ಮೇಲೆ ಸೇತುವೆ ಕಟ್ಟಿದ್ದು. ನೀನು ಯಾವ ಕೆಲಸಕ್ಕೆ ನೇಮಕವಾದವಳು?”

“ಚೂರು ಹೊರುದಕ್ಕೆ.”

“ನೀರು ಚೂರಲ್ಲ.”

ಮಾತು ಸತ್ಯವಾಗಿತ್ತು. ಶ್ರೀಕೃಷ್ಣರು ನಿರ್ದಯರಲ್ಲ. ಧ್ವನಿ ತಗ್ಗಿಸಿ ಮುಂದುವರಿದರು, “ಧೂಳು ಅಪಾಯಕಾರಿ ಎಂದು ಸಾಬೀತಾಗಲಿ. ಒಂದು ಕೊಡವಲ್ಲ, ಎರಡು ಕೊಡ ಮಂಜೂರು ಮಾಡುತ್ತೇನೆ. ನೀರು ಹಾಕಲು ಒಬ್ಬರನ್ನು ನೇಮಿಸುತ್ತೇನೆ. ಆದರೆ ಸಾಬೀತಾಗಬೇಕು.”

ಡೊಂಬಯ್ಯ ಸಾಬೀತುಪಡಿಸಲು ಕೆಮ್ಮಿದ.

“ಕೆಮ್ಮು ಸಾಬೀತಲ್ಲ. ಕೆಮ್ಮು ನನಗೂ ಬರುತ್ತದೆ,” ಎಂದು ಇಂಜಿನಿಯರರು ಜೀಪು ಹತ್ತಿದರು.

ಮರುವಾರ ಗಂಡಹೆಂಡಿರು ಬಸ್ಸು ಹಿಡಿದು ಪುತ್ತೂರಿನ ಕಚೇರಿಗೆ ಹೋದರು. ಅಲ್ಲಿ ಅರ್ಜಿ ಸ್ವೀಕರಿಸುವವರು ಅಚ್ಚುತ ಗುಮಾಸ್ತರು. ಅವರು ಮೇಜಿನ ಮೇಲಿನ ಕಡತಗಳ ನಡುವೆ ಒಂದು ಸಂದಿ ಮಾಡಿ, ಅದರೊಳಗಿಂದ ನೋಡಿದರು.

“ಯಾವ ಧೂಳು?”

“ಕಾಂಕ್ರೀಟಿನ ಧೂಳು.”

“ಕೆತ್ತುವಾಗ ಬರುದಾ, ಉಜ್ಜುವಾಗ ಬರುದಾ?”

“ಎರಡಕ್ಕೂ ಬರ್ತದೆ.”

“ಎರಡಾದ್ರೆ ಎರಡು ಅರ್ಜಿ. ಕೆತ್ತಿದ್ದರ ಅರ್ಜಿಗೆ ಉಜ್ಜಿದ್ದು ಬರುದಿಲ್ಲ.” ಗುಮಾಸ್ತರು ಒಂದು ಕಡತವನ್ನು ಎಳೆದರು. ಅದರಿಂದ ಹಿಂದಿನ ಸರಕಾರದ ಕಾಲದ ಧೂಳು ಎದ್ದಿತು. “ಎಂತ ಮಾರಾಯ, ಧೂಳಂತೆ ಧೂಳು. ಇಪ್ಪತ್ತು ವರ್ಷದಿಂದ ನಾನು ಇದರೊಳಗೆ ಕೂತಿದ್ದೇನೆ. ನನಗೆ ಎಂತ ಆಗಿದೆ?”

ಇಷ್ಟು ಹೇಳಿ ಅವರು ಏಳು ಸಲ ಸೀನಿದರು.

“ಒಂದು ಚೊಂಬು ನೀರು ತಂದು ಕೊಡ್ಲಾ ಗುಮಾಸ್ತ್ರೇ?” ಎಂದು ದೇವಮ್ಮ ಕೇಳಿದಳು.

“ಕಡತಕ್ಕೆ ನೀರು ಹಾಕ್ಲಿಕ್ಕಿಲ್ಲ,” ಎಂದರು ಗುಮಾಸ್ತರು, ಕಣ್ಣೊರೆಸುತ್ತ.

ಎರಡು ಅರ್ಜಿಗಳನ್ನು ಎದುರಿಗಿಟ್ಟುಕೊಂಡು ನಿಯಮ ಹುಡುಕಲಾಯಿತು. ನಾವು ಮದ್ರಾಸಿಗೆ ಸೇರಿದ್ದ ಕಾಲದ ಒಂದು ನಿಯಮಾವಳಿಯಲ್ಲಿ ಧೂಳು ಎಂಬ ಶಬ್ದ ಒಂದೇ ಕಡೆ ಇತ್ತು. ದೊರೆಗಳು ಕುದುರೆಯ ಮೇಲೆ ಸರ್ಕೀಟು ಹೋಗುವಾಗ ಕುದುರೆಯ ಮೂಗಿಗೆ ಧೂಳು ಹೋಗದಂತೆ ದಾರಿಗೆ ಮುಂದಾಗಿ ನೀರು ಚಿಮುಕಿಸತಕ್ಕದ್ದು ಎಂದು ಅದು ಹೇಳುತ್ತಿತ್ತು. ಡೊಂಬಯ್ಯನಿಗೆ ಇದು ಅನ್ವಯಿಸುವುದೇ ಎಂಬ ಪ್ರಶ್ನೆಯನ್ನು ಶ್ರೀಕೃಷ್ಣರು ಎರಡು ದಿನ ಪರಿಶೀಲಿಸಿ, ‘ಅರ್ಜಿದಾರನು ಕುದುರೆಯಲ್ಲವಾದ್ದರಿಂದ ಅನ್ವಯಿಸದು’ ಎಂದು ಬರೆದರು. ತಜ್ಞರ ಅಭಿಪ್ರಾಯ ಪಡೆಯಬಹುದೆಂದೂ ಕೆಳಗೆ ಬರೆದರು.

ಮೂಗಿನೊಳಗೆ ಹೋಗುವ ಪುಡಿಯ ವಿಷಯದಲ್ಲಿ ಆ ಕಾಲದ ಪುತ್ತೂರಿನಲ್ಲಿ ಒಬ್ಬರೇ ತಜ್ಞರಿದ್ದರು: ಸಂತೆಯ ಹತ್ತಿರ ನಸ್ಯದ ಅಂಗಡಿ ಇಟ್ಟಿದ್ದ ಸಾಹುಲ್ ಹಮೀದ್. ಕಚೇರಿಗೆ ಕರೆಸಿ ಡೊಂಬಯ್ಯನ ಅಂಗಿಯಿಂದ ಕೊಡವಿದ ಒಂದು ಚಿಟಿಕೆ ಧೂಳನ್ನು ಅವರ ಮುಂದಿಟ್ಟರು. ಅವರು ಮೂಸಲಿಲ್ಲ, ದೂರದಿಂದಲೇ ನೋಡಿದರು.

“ಇದು ಮೂಗಿಗೆ ಆಗುದಲ್ಲ ಸ್ವಾಮಿ. ನಸ್ಯ ಆದ್ರೆ ಮೂಗು ಕೇಳಿದ ಮೇಲೆ ನಾವು ಕೊಡುದು, ಅದೂ ಎರಡು ಬೆರಳಿನಲ್ಲಿ. ಇದು ಕೇಳದೆ ಹೋಗ್ತದೆ. ಹೋದದ್ದು ಸೀನಿದ್ರೂ ಹಿಂದೆ ಬರುದಿಲ್ಲ, ಒಳಗೇ ಮನೆ ಕಟ್ತದೆ. ನೀರು ಹಾಕ್ಸಿ.”

ಅಭಿಪ್ರಾಯ ಸ್ಪಷ್ಟವಾಗಿತ್ತು. ಆದರೆ ಒಂದು ಚಿಟಿಕೆಯ ಮೇಲೆ ಕೊಟ್ಟ ಅಭಿಪ್ರಾಯ ಒಂದು ಚಿಟಿಕೆಗೆ ಮಾತ್ರ ಸಲ್ಲುತ್ತದೆ ಎಂದು ಶ್ರೀಕೃಷ್ಣರು ನ್ಯಾಯವಾಗಿಯೇ ಕಂಡುಕೊಂಡರು. ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೆ ಪತ್ರ ಹೋಯಿತು. ಪರೀಕ್ಷೆಗೆ ಅರ್ಧ ಸೇರು ಧೂಳು ಬೇಕು, ಅದು ನೆಲದಿಂದ ಗುಡಿಸಿದ್ದಾಗಿರದೆ ಗಾಳಿಯಿಂದ ಹಿಡಿದದ್ದಾಗಿರಬೇಕು, ಯಾವ ಕಾರಣಕ್ಕೂ ಒದ್ದೆಯಾಗಿರಬಾರದು ಎಂದು ಉತ್ತರ ಬಂತು.

ಜನವರಿಯ ಕೊನೆಗೆ ಸೇತುವೆಯ ತುದಿಯ ಹಲಗೆಗೆ ಈ ಪ್ರಕಟಣೆಯನ್ನು ಅಂಟಿಸಲಾಯಿತು:

‘ಮುಂಡಕಜೆ ಸೇತುವೆಯ ಮೇಲೆ ಏಳುವ ಧೂಳು ಇಂದಿನಿಂದ ಇಲಾಖೆಯ ಸ್ವತ್ತಾಗಿರುತ್ತದೆ. ಅದನ್ನು ಒದ್ದೆ ಮಾಡುವುದು, ಮನೆಗೆ ಒಯ್ಯುವುದು ಮತ್ತು ಉಸಿರಾಡುವುದನ್ನು ನಿಷೇಧಿಸಲಾಗಿದೆ. ಕೆಲಸಗಾರರು ಮೂಗು ಬಾಯಿಗಳಿಗೆ ಬೈರಾಸು ಕಟ್ಟಿಕೊಳ್ಳತಕ್ಕದ್ದು. ಸಂಜೆ ಬೈರಾಸನ್ನು ಮೇಸ್ತ್ರಿಯ ಸಮಕ್ಷಮ ಕೊಡವಿ, ಅದಕ್ಕೆ ಹತ್ತಿದ ಧೂಳನ್ನು ಇಲಾಖೆಗೆ ಹಿಂದಿರುಗಿಸತಕ್ಕದ್ದು. ಮೇಲಿನ ಪ್ರಕಾರ ನಡೆದುಕೊಂಡರೆ ಧೂಳು ಅಪಾಯಕಾರಿಯೋ ಅಲ್ಲವೋ ಎಂಬುದು ಶೀಘ್ರವೇ ತಿಳಿದುಬರುವುದು.’

ಡೊಂಬಯ್ಯನಿಗೆ ಓದಲು ಬರುತ್ತಿರಲಿಲ್ಲ. ಹೈದರ್ ಓದಿ ಹೇಳಿದ.

“ಉಸಿರಾಡ್ಲಿಕ್ಕಿಲ್ವಾ?” ಎಂದ ಡೊಂಬಯ್ಯ.

“ಉಸಿರಾಡ್ಬಹುದು ಮಾರಾಯ. ಧೂಳು ಬಿಟ್ಟು ಉಸಿರಾಡುದು.”

“ಅದು ಹೇಗೆ?”

“ಅದು ಬರೆದಿಲ್ಲ.”

ಬೈರಾಸು ಎಂದರೆ ಹೆಗಲ ಮೇಲಿನ ತೆಳು ವಸ್ತ್ರ. ಬೆವರು ಒರೆಸಲಿಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ; ಸಿಮೆಂಟಿನ ಹುಡಿಯನ್ನು ತಡೆಯಲಿಕ್ಕೆ ಅದು ಜಾಲರಿಯ ಬಾಗಿಲು. ಬಹುಪಾಲು ಧೂಳು ಬೈರಾಸನ್ನು ದಾಟಿ ಡೊಂಬಯ್ಯನ ಎದೆಗೆ ಇಳಿಯಿತು. ನಿಯಮದ ಪ್ರಕಾರ ಇದು ಸರಕಾರಿ ಸ್ವತ್ತಿನ ದುರ್ಬಳಕೆ. ಆದರೆ ಮೊದಲ ಸಲವೆಂದು ನೋಟೀಸು ಕೊಡಲಿಲ್ಲ.

ಇನ್ನು ಗಾಳಿಯ ಧೂಳನ್ನು ಹಿಡಿಯುವ ಬಗೆ. ಈ ಕಡೆ ಗದ್ದೆಗೆ ಇಳಿಯುವ, ತಲೆಹೊರೆ ಹೊರುವ ಪ್ರತಿಯೊಬ್ಬರ ತಲೆಯ ಮೇಲೂ ಅಡಿಕೆ ಹಾಳೆಯಿಂದ ಮಾಡಿದ ಮುಟ್ಟಾಳೆ ಎಂಬ ಟೊಪ್ಪಿ ಇರುತ್ತದೆ. ಮಗುಚಿ ಹಿಡಿದರೆ ಅದು ಒಳ್ಳೆಯ ಬೋಗುಣಿ. ಮೂವತ್ತು ಮುಟ್ಟಾಳೆಗಳನ್ನು ಬಿದಿರಿನ ಗಳುಗಳಿಗೆ ಅಂಗಾತ ಕಟ್ಟಿ ಸೇತುವೆಯ ಎರಡೂ ಬದಿಗೆ ನಿಲ್ಲಿಸಿದರೆ ಹಾರುವ ಧೂಳು ಅದರಲ್ಲಿ ಬಂದು ಕೂರುತ್ತದೆಂದು ಹೈದರ್ ಸೂಚಿಸಿದ. ಸೂಚನೆ ಅಂಗೀಕಾರವಾಯಿತು. ಮುಟ್ಟಾಳೆ ಒದಗಿಸುವ ಟೆಂಡರು ಅಚ್ಚುತ ಗುಮಾಸ್ತರ ಭಾವನಿಗೆ ಸಿಕ್ಕಿತು. ಮೂವತ್ತರ ಬದಲು ಅರವತ್ತು ಸರಬರಾಜಾದವು. ಉಳಿದ ಮೂವತ್ತು ಭಾವನ ಗದ್ದೆಯ ಆಳುಗಳ ತಲೆಯ ಮೇಲೆ ಸುರಕ್ಷಿತವಾಗಿ ದಾಸ್ತಾನಿದ್ದವು.

ಹದಿನೈದು ದಿನಗಳ ಕೊನೆಗೆ ಮೂವತ್ತು ಮುಟ್ಟಾಳೆಗಳಲ್ಲಿ ಒಟ್ಟು ಒಂದು ಮುಷ್ಟಿ ಧೂಳು ಸಂಗ್ರಹವಾಯಿತು. ಅಷ್ಟರಲ್ಲಿ ನಾಲ್ಕು ಇಂಚು ಕೆತ್ತಿ ಮುಗಿದಿತ್ತು. ಎರಡು ಅರ್ಧಗಳೂ ಸಮವಾಗಿದ್ದವು. ಹೈದರ್ ಅದರ ಮೇಲೆ ಒಂದು ಗೋಲಿಯನ್ನು ಉರುಳಿಸಿ ನೋಡಿದ. ಗೋಲಿ ಕಡಬದಿಂದ ಸುಳ್ಯಕ್ಕೆ ತಡೆಯಿಲ್ಲದೆ ಹೋಯಿತು. ಡೊಂಬಯ್ಯ ಉಳಿಯನ್ನು ಚೀಲಕ್ಕೆ ಹಾಕಿದ. ದೇವಮ್ಮ ಅವನಿಗೆ ಕಾಳುಮೆಣಸಿನ ಕಷಾಯ ಕುದಿಸಲು ಮನೆಗೆ ಹೊರಟಳು. ಪತ್ತನಾಜೆಗೆ ಇನ್ನೂ ಮೂರು ತಿಂಗಳಿತ್ತು.

ಆಗ ಜೀಪು ಬಂತು.

“ಕೆಲಸ ಮುಗೀತು ಸ್ವಾಮಿ,” ಎಂದ ಹೈದರ್.

“ಸೇತುವೆಯ ಕೆಲಸ ಮುಗಿಯಿತು,” ಎಂದರು ಶ್ರೀಕೃಷ್ಣರು. “ಅರ್ಜಿಯ ಕೆಲಸ ಮುಗಿದಿಲ್ಲ. ಅರ್ಧ ಸೇರಿನಲ್ಲಿ ಒಂದು ಮುಷ್ಟಿ ಬಂದಿದೆ. ಈಗ ಕೆತ್ತುವುದನ್ನು ನಿಲ್ಲಿಸಿದರೆ ಧೂಳು ನಿಲ್ಲುತ್ತದೆ. ಧೂಳಿನ ಬಗ್ಗೆ ದೂರು ಇರುವಾಗ ಧೂಳನ್ನು ನಿಲ್ಲಿಸುವುದು ಸಾಕ್ಷ್ಯನಾಶ.”

“ನಾನು ಅರ್ಜಿ ಹಿಂದೆ ತೆಕ್ಕೊಳ್ತೇನೆ ಸ್ವಾಮಿ,” ಎಂದ ಡೊಂಬಯ್ಯ.

ಇಂಜಿನಿಯರರ ಜೊತೆ ಬಂದಿದ್ದ ಅಚ್ಚುತ ಗುಮಾಸ್ತರು ಮರುಕದಿಂದ ತಲೆಯಾಡಿಸಿದರು. “ಕೊಡ್ಲಿಕ್ಕೆ ನಮೂನೆ ಉಂಟು ಡೊಂಬಯ್ಯ. ಹಿಂದೆ ತೆಕ್ಕೊಳ್ಲಿಕ್ಕೆ ನಮೂನೆ ಅಚ್ಚಾಗಿಲ್ಲ.”

“ಇದು ನಿನ್ನ ಒಳ್ಳೆಯದಕ್ಕೇ,” ಎಂದು ಶ್ರೀಕೃಷ್ಣರು ಅವನ ಹೆಗಲಿನ ಹತ್ತಿರದ ಗಾಳಿಯನ್ನು ತಟ್ಟಿದರು. ಅಂಗಿಯ ಮೇಲೆ ಇಲಾಖೆಯ ಸ್ವತ್ತು ಇದ್ದುದರಿಂದ ಹೆಗಲನ್ನು ಮುಟ್ಟಲಿಲ್ಲ.

ಹಾಗೆ ಕೆತ್ತನೆ ಮುಂದುವರಿಯಿತು. ಧೂಳು ಬೇಗ ಆಗಲೆಂದು ಇನ್ನೂ ಆರು ಜನರನ್ನು ಸೇರಿಸಲಾಯಿತು. ಸುಳ್ಯದ ಅರ್ಧ ಇನ್ನೊಂದು ಮೂರು ಇಂಚು ಇಳಿದು ಕಡಬದ ಅರ್ಧಕ್ಕಿಂತ ತಗ್ಗಾಯಿತು. ಮಟ್ಟದ ಭಿನ್ನಾಭಿಪ್ರಾಯ ಮತ್ತೆ ತಲೆದೋರಿದ್ದರಿಂದ ಕಡಬದ ಅರ್ಧವನ್ನು ಮೂರು ಇಂಚು ಕೆತ್ತಲಾಯಿತು. ಅಲ್ಲಿನವರು ಉತ್ಸಾಹದಲ್ಲಿ ನಾಲ್ಕು ಕೆತ್ತಿದರು. ಆಗ ಸುಳ್ಯದ್ದನ್ನು ಒಂದು ಇಂಚು ಕೆತ್ತಬೇಕಾಯಿತು. ಪರಸ್ಪರ ಸಹಕಾರಕ್ಕೆ ಇಷ್ಟು ಒಳ್ಳೆಯ ಉದಾಹರಣೆ ಆ ಎರಡು ಊರುಗಳ ಮಧ್ಯೆ ಹಿಂದೆ ಕಂಡುಬಂದಿರಲಿಲ್ಲ. ಸೇತುವೆ ತೆಳ್ಳಗಾದ ಹಾಗೆ ಬಸ್ಸು ಬರುವುದು ನಿಂತಿತು, ಆಮೇಲೆ ಎತ್ತಿನ ಗಾಡಿ ನಿಂತಿತು. ಆಮೇಲೆ ಜನ ಒಬ್ಬೊಬ್ಬರಾಗಿ, ತುದಿಗಾಲಿನಲ್ಲಿ, ದೈವವನ್ನು ನೆನೆಯುತ್ತ ದಾಟಿದರು. ಊರಿನಲ್ಲಿ ಭಕ್ತಿ ಹೆಚ್ಚಿತೆಂದು ಗುಡಿಯವರು ಸಂತೋಷಪಟ್ಟರು.

ಕುಕ್ಕಪ್ಪನೂ ಸಂತೋಷದಿಂದಿದ್ದ. ದಿನಾ ಸಂಜೆ ಡೊಂಬಯ್ಯನ ಅಂಗಳಕ್ಕೆ ಬಂದು ಜಗಲಿಯಲ್ಲಿ ಕೂತು ಕೆಮ್ಮು ಎಣಿಸುತ್ತಿದ್ದ.

“ನಿನ್ನೆಗಿಂತ ಇವತ್ತು ಜಾಸ್ತಿ ಉಂಟು ಅಣ್ಣ. ಕೊಂಬು ಎಲ್ಲಿಟ್ಟದ್ದು? ಸುಮ್ಮನೆ ಕೇಳಿದ್ದು.”

“ನಿಮ್ಮ ತಲೆಯಲ್ಲಿ ಹುಟ್ಟಿದ್ರೆ ಕೊಯ್ದು ತೆಕ್ಕೊಳ್ಳಿ,” ಎಂದಳು ದೇವಮ್ಮ ಒಳಗಿಂದ. “ಗುಡಿಯದ್ದು ಇಲ್ಲೇ ಇರ್ತದೆ.”

ಮಾರ್ಚ್ ತಿಂಗಳ ಮೂವತ್ತನೆಯ ತಾರೀಕು ಮಧ್ಯಾಹ್ನಕ್ಕೆ ಅರ್ಧ ಸೇರು ಭರ್ತಿಯಾಯಿತು. ಹೈದರ್ ಅದನ್ನು ಕಣ್ಣಳತೆಯಲ್ಲಿ ಖಚಿತಪಡಿಸಿ, ಮರುದಿನ ಡಬ್ಬಿ ತಂದು ತುಂಬಿಸುವುದೆಂದು ಹೇಳಿದ. ಮೂರು ಗಂಟೆಗೆ, ಯಾವ ಮುನ್ಸೂಚನೆಯೂ ಇಲ್ಲದೆ, ಹನಿ ಮಳೆ ಬಂತು.

ಈಗ ಹೇಳುವ ಸಂಗತಿಯಲ್ಲಿ ಯಾರನ್ನೂ ದೂರುವ ಉದ್ದೇಶವಿಲ್ಲ. ತಲೆಗೆ ಹನಿ ಬಿದ್ದ ಕೂಡಲೆ ಕೈಗೆ ಸಿಕ್ಕಿದ ಮುಟ್ಟಾಳೆಯನ್ನು ತಲೆಗಿಡುವುದು ಈ ಸೀಮೆಯವರಿಗೆ ಹಾಲು ಕುಡಿಯುವಾಗಲೇ ಬಂದ ಅಭ್ಯಾಸ. ಅದಕ್ಕೆ ಕೈ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಏಳು ಕೆತ್ತುವವರು, ದೇವಮ್ಮ, ಹೈದರ್, ದಾಟಲು ಬಂದಿದ್ದ ಹತ್ತು ಹನ್ನೆರಡು ಜನ, ಎಲ್ಲರೂ ಏಕಕಾಲಕ್ಕೆ ಗಳುವಿನಿಂದ ಒಂದೊಂದು ಮುಟ್ಟಾಳೆ ಕಿತ್ತು ತಲೆಗೆ ಹಾಕಿಕೊಂಡರು. ಎರಡು ತಿಂಗಳ ಸಾಕ್ಷ್ಯ ಎಲ್ಲರ ತಲೆಯಿಂದ ಮುಖಕ್ಕೆ, ಮುಖದಿಂದ ಕತ್ತಿಗೆ ಇಳಿಯಿತು. ಒಬ್ಬರನ್ನೊಬ್ಬರು ನೋಡಿದರು. ಎಲ್ಲರೂ ಬೂದು ಬಣ್ಣದ ಒಂದೇ ಮನೆತನದವರ ಹಾಗೆ ಕಾಣುತ್ತಿದ್ದರು. ಮೊದಲು ನಕ್ಕವಳು ದೇವಮ್ಮ. ಆಮೇಲೆ ಡೊಂಬಯ್ಯ ನಕ್ಕು, ನಕ್ಕದ್ದಕ್ಕೆ ಕೆಮ್ಮಿ, ಕೆಮ್ಮಿದ್ದಕ್ಕೆ ಮತ್ತೆ ನಕ್ಕ. ಬಾಕಿ ಮುಟ್ಟಾಳೆಗಳನ್ನು ಮಳೆ ತುಂಬಿಸಿತು.

ಹೈದರ್ ಪುತ್ತೂರಿಗೆ ಹೋಗಿ ವರದಿ ಒಪ್ಪಿಸಿದ. ಶ್ರೀಕೃಷ್ಣರು ಬಹಳ ಹೊತ್ತು ಕ್ಯಾಲೆಂಡರನ್ನು ನೋಡಿದರು.

“ಆದದ್ದು ಒಳ್ಳೆಯದಾಯಿತು,” ಎಂದರು ಕೊನೆಗೆ. “ಏಪ್ರಿಲ್ ಒಂದರಿಂದ ಸೇರು ರದ್ದು, ಇನ್ನು ಕಿಲೋಗ್ರಾಂ. ಅರ್ಧ ಸೇರು ಕಳಿಸಿದ್ದರೆ ಹಿಂದೆ ಬರುತ್ತಿತ್ತು. ಅರ್ಧ ಕಿಲೋ ಸಂಗ್ರಹಿಸಿ.”

ಅರ್ಧ ಕಿಲೋ ಅರ್ಧ ಸೇರಿಗಿಂತ ಹೆಚ್ಚು. ಆ ಹೆಚ್ಚಿನದು ಎಲ್ಲಿಂದ ಬರಬೇಕೆಂದು ಹೈದರ್ ಕೇಳಲಿಲ್ಲ. ಅದು ಒಂದೇ ಕಡೆಯಿಂದ ಬರಲು ಸಾಧ್ಯವಿತ್ತು. ಇನ್ನೂ ಎಂಟು ಜನ ಬಂದರು. ಏಪ್ರಿಲ್ ನಡುವಿನ ಬಿಸು ಹಬ್ಬದ ಹೊತ್ತಿಗೆ ಸೇತುವೆಯ ಮೇಲ್ಭಾಗದಲ್ಲಿ ಒಳಗಿನ ಕಬ್ಬಿಣದ ಕಂಬಿಗಳು ಮಾತ್ರ ಉಳಿದವು. ಹೊಳೆಯ ನಡುವೆ ಕಂಬಗಳು, ಕಂಬಗಳ ಮೇಲೆ ಕಂಬಿಗಳು. ದೇವಮ್ಮ ಅದರ ಮೇಲೆ ಬೈರಾಸುಗಳನ್ನು ಒಣಗಿಸಿದಳು. ಬಟ್ಟೆ ಒಣಗಿಸಲು ಆ ಹೊಳೆಯಲ್ಲಿ ಅಷ್ಟು ಗಾಳಿ ಬರುವ ಜಾಗ ಇನ್ನೊಂದಿರಲಿಲ್ಲ.

ಕೊನೆಯ ಚೂರನ್ನು ಉಜ್ಜಿ ಹುಡಿ ಮಾಡಿದವನು ಡೊಂಬಯ್ಯನೇ. ಸಾಹುಲ್ ಹಮೀದರು ನಸ್ಯ ತೂಗುವ ತಕ್ಕಡಿಯನ್ನೂ ಹೊಸ ಗ್ರಾಮಿನ ತೂಕದ ಬಟ್ಟುಗಳನ್ನೂ ಹಿಡಿದು ಹೊಳೆ ಬದಿಗೆ ಬಂದರು. ಒಂದು ಗ್ರಾಂ ಕಮ್ಮಿ ಬಿತ್ತು. ಎಲ್ಲರೂ ಸುತ್ತ ನೋಡಿದರು. ಕೆತ್ತಲು ಏನೂ ಇರಲಿಲ್ಲ. ದೇವಮ್ಮ ಗಂಡನ ಬೈರಾಸನ್ನು ತಂದು ತಕ್ಕಡಿಯ ಮೇಲೆ ಒಮ್ಮೆ ಝಾಡಿಸಿದಳು. ಮುಳ್ಳು ನೇರ ನಿಂತಿತು.

“ಡಬ್ಬಿ?” ಎಂದ ಹೈದರ್.

ಡಬ್ಬಿ ಮಂಜೂರಾಗಿರಲಿಲ್ಲ. ಸಾಹುಲ್ ಹಮೀದರು ಅಂಗಡಿಯ ಒಂದು ಖಾಲಿ ನಸ್ಯದ ಡಬ್ಬಿ ಕೊಟ್ಟರು. ಧೂಳು ಅದರೊಳಗೆ ಕೂತು, ಅರಗು ಹಾಕಿಸಿಕೊಂಡು, ಬೆಂಗಳೂರಿಗೆ ಹೋಯಿತು.

ಕೆತ್ತಲು ಕಾಂಕ್ರೀಟು ಇಲ್ಲವಾದ್ದರಿಂದ ಡೊಂಬಯ್ಯನಿಗೆ ಕೆಲಸವಿರಲಿಲ್ಲ. ಮನೆಯಲ್ಲಿ ಕಷಾಯ ಕುಡಿದ. ಬೆಳಿಗ್ಗೆ ಹೊಳೆಯ ಕಂಬದ ಮೇಲೆ ಕೂತು ಕೊಂಬು ಅಭ್ಯಾಸ ಮಾಡಿದ. ಮೊದಲ ವಾರ ಕೊಂಬು ಕೆಮ್ಮಿತು. ಎರಡನೆಯ ವಾರ ಬರೀ ಉಬ್ಬಸಪಟ್ಟಿತು. ಮೂರನೆಯ ವಾರ ಒಂದು ಉದ್ದ ಸ್ವರ ಅರ್ಧ ಹೊಳೆ ದಾಟಿ ಬಿದ್ದುಹೋಯಿತು. ಕುಕ್ಕಪ್ಪ ಜಗಲಿಗೆ ಬರುವುದನ್ನು ಕಡಿಮೆ ಮಾಡಿದ.

ಜನರಿಗೆ ಹೊಳೆ ದಾಟಬೇಕಿತ್ತು, ಮಳೆಗಾಲ ಹತ್ತಿರವಿತ್ತು. ಊರವರು ಯಾರಿಗೂ ಅರ್ಜಿ ಕೊಡದೆ, ಹಳೆಯ ಅಡಿಕೆ ಮರದ ಕಾಂಡಗಳನ್ನು ಕಂಬದಿಂದ ಕಂಬಕ್ಕೆ ಹಾಕಿ, ಕಾಡುಬಳ್ಳಿಯ ಬೀಳಿನಲ್ಲಿ ಬಿಗಿದು, ಹಿಡಿದುಕೊಳ್ಳಲು ಬಿದಿರು ಕಟ್ಟಿ ಒಂದು ದಿನದಲ್ಲಿ ಸಂಕ ಮಾಡಿದರು. ಅಜ್ಜಂದಿರ ಕಾಲದಿಂದ ಆ ಜಾಗದಲ್ಲಿ ಇದ್ದದ್ದೂ ಅಂಥ ಒಂದು ಸಂಕವೇ. ವ್ಯತ್ಯಾಸವೆಂದರೆ ಈಗ ಕಂಬ ಗಟ್ಟಿಯಿತ್ತು.

ಪ್ರಯೋಗಾಲಯದ ಉತ್ತರ ಪತ್ತನಾಜೆಗೆ ನಾಲ್ಕು ದಿನ ಇರುವಾಗ ಬಂತು. ಅಷ್ಟು ಬೇಗ ಬಂದದ್ದಕ್ಕೆ ಡಬ್ಬಿಯೇ ಕಾರಣವೆಂದು ತಿಳಿದವರು ಹೇಳುತ್ತಾರೆ. ನಸ್ಯವೆಂದು ಭಾವಿಸಿ ಮೂವರು ಅದನ್ನು ಬಂದ ದಿನವೇ ತೆರೆದಿದ್ದರು. ಉತ್ತರ ಹೀಗಿತ್ತು:

‘ತಾವು ಕಳುಹಿಸಿದ ಮಾದರಿ ತಲುಪಿತು. ಡಬ್ಬಿ ತೆರೆದಾಗ ಸಿಬ್ಬಂದಿಗೆ ವಿಪರೀತ ಕೆಮ್ಮು, ಸೀನು ಬಂದುದರಿಂದ ನಮ್ಮ ಸುರಕ್ಷತಾ ನಿಯಮದ ಪ್ರಕಾರ ಕೂಡಲೇ ಒಂದು ಕೊಡ ನೀರು ಹಾಕಲಾಯಿತು. ನೀರು ಹಾಕಿದ ಮೇಲೆ ಪರೀಕ್ಷಿಸಲಾಗಿ ಧೂಳು ಏಳಲಿಲ್ಲ. ಆದುದರಿಂದ ಮಾದರಿಯಲ್ಲಿ ಅಪಾಯಕಾರಿ ಧೂಳು ಕಂಡುಬಂದಿಲ್ಲ. ಆದರೂ ತಾವು ನೀರು ಹಾಕಿಯೇ ಕೆಲಸ ಮಾಡಿಸುವುದು ಒಳ್ಳೆಯದು.’

ಶ್ರೀಕೃಷ್ಣರು ಕೊಟ್ಟ ಮಾತಿಗೆ ತಪ್ಪುವವರಲ್ಲ. ಅಂದೇ ಎರಡು ತಾಮ್ರದ ಕೊಡಪಾನಗಳು ಮಂಜೂರಾದವು. ನೀರು ಹಾಕುವ ಹುದ್ದೆಗೆ ದೇವಮ್ಮನ ನೇಮಕವಾಯಿತು. ನೀರು ಹಾಕುವಾಗ ಧೂಳು ಏಳುವುದಿಲ್ಲವೆಂಬುದನ್ನು ನೋಡುತ್ತ ಕೂರುವ ಹುದ್ದೆ ಡೊಂಬಯ್ಯನದು. ಪತ್ತನಾಜೆಯ ನಂತರ ಸಮಾರಂಭಗಳಿಗೆ ಈ ಕಡೆ ಮುಹೂರ್ತವಿಲ್ಲದ ಕಾರಣ ಪತ್ತನಾಜೆಯ ದಿನವೇ ಬೆಳಿಗ್ಗೆ ಸೇತುವೆಯ ಉದ್ಘಾಟನೆ ಇಟ್ಟುಕೊಂಡರು.

ಸಂಕದ ಈಚೆ ಬದಿಯಲ್ಲಿ ಕಲ್ಲಿನ ಫಲಕ ನಿಲ್ಲಿಸಿದ್ದರು. ಅದರಲ್ಲಿ ‘ಜಿಲ್ಲೆಯ ಪ್ರಥಮ ಧೂಳುರಹಿತ ಸೇತುವೆ’ ಎಂದು ಬರೆದಿತ್ತು. ಅಕ್ಷರ ಕೆತ್ತಿದವನು ಡೊಂಬಯ್ಯ. ಕೆತ್ತುವಾಗ ದೇವಮ್ಮ ಸರಕಾರಿ ಕೊಡದಿಂದ ನೀರು ಹೊಯ್ದಿದ್ದಳು. ಇಂಜಿನಿಯರರು ಸಂಕವನ್ನು ಸ್ವತಃ ದಾಟಿ, ಅಡಿಕೆ ಮರದ ಕಾಂಡದ ಮೇಲೆ ಬಿಳಿ ಕರವಸ್ತ್ರವನ್ನು ಎಳೆದು ನೋಡಿದರು. ಕರವಸ್ತ್ರ ಬಿಳಿಯಾಗಿಯೇ ಇತ್ತು. ಜನ ಚಪ್ಪಾಳೆ ತಟ್ಟಿದರು. ಬಸ್ಸಿನಿಂದ ಇಳಿದು ಸಂಕ ದಾಟಿ ಆಚೆಯ ಬಸ್ಸು ಹತ್ತುವವರೂ ಗಂಟುಗಳನ್ನು ತಲೆಯ ಮೇಲಿಟ್ಟುಕೊಂಡೇ ತಟ್ಟಿದರು. ಕಂಡಕ್ಟರು ಈಗ ಟಿಕೇಟಿನ ಬಗ್ಗೆ ಕೇಳಲಿಲ್ಲ, ಎರಡು ಕೊಟ್ಟ.

ಅಷ್ಟರಲ್ಲಿ ಗುಡಿಯ ಬಾಗಿಲು ಹಾಕುವ ಹೊತ್ತಾಯಿತು. ಗುಡಿ ಹೊಳೆ ಬದಿಯಲ್ಲೇ ಇತ್ತು. ಊರಿನ ಹಿರಿಯರು ಕೂತರು. ಕುಕ್ಕಪ್ಪ ಹೊಸ ವಸ್ತ್ರ ಉಟ್ಟು ಮುಂದಿನ ಸಾಲಿನಲ್ಲಿ ನಿಂತಿದ್ದ.

ಡೊಂಬಯ್ಯ ಕೊಂಬು ಎತ್ತಿದ. ಮೊದಲನೆಯ ಸಲ ಸ್ವರ ಹೊಳೆ ದಾಟಿತು. ಎರಡನೆಯ ಸಲ ಆಚೆಯ ಗುಡ್ಡೆ ದಾಟಿತು. ಮೂರನೆಯದಕ್ಕೆ ಉಸಿರೆಳೆಯುವಾಗ ಎದೆಯೊಳಗೆ ಏನೋ ಗರಗರ ಅಂದದ್ದು ದೇವಮ್ಮನಿಗೆ ಕೇಳಿಸಿತು. ಅವಳು ಕೈಯಲ್ಲಿದ್ದ ತಾಮ್ರದ ಕೊಡವನ್ನು ಬಿಗಿಹಿಡಿದಳು. ಸ್ವರ ಏರಿತು, ನಡುಗಿತು, ನಿಂತಿತೇನೋ ಅನ್ನುವಷ್ಟು ಸಣ್ಣದಾಗಿ ಮತ್ತೆ ಏರಿತು. ಅದು ಮುಗಿಯುವಾಗ ಸಂಕದ ಮೇಲಿದ್ದವರೆಲ್ಲ ನಡೆಯುವುದನ್ನು ಮರೆತು ನಿಂತಿದ್ದರು. ಕುಕ್ಕಪ್ಪ ಹದಿನಾರು ವರ್ಷ ಕಟ್ಟಿದ್ದ ಉಸಿರನ್ನು ಬಿಟ್ಟು, “ಒಳ್ಳೆದಾಯ್ತು ಅಣ್ಣ, ಮುಂದಿನ ವರ್ಷ ನೋಡುವ,” ಎಂದ.

ಶ್ರೀಕೃಷ್ಣರು ಕಿಸೆಯಿಂದ ಪುಸ್ತಕ ತೆಗೆದು ನಿಂತಲ್ಲೇ ಬರೆದರು: ‘ಧೂಳು ನಿಯಂತ್ರಣವಾಗಿದೆ. ಅರ್ಜಿದಾರನ ಉಸಿರನ್ನು ಮೂರು ಸಲ ಪರೀಕ್ಷಿಸಲಾಯಿತು. ಅರ್ಜಿ ಇತ್ಯರ್ಥ.’ ಆಮೇಲೆ ಸ್ವಲ್ಪ ಯೋಚಿಸಿ, ‘ಉಜ್ಜುವ ಧೂಳಿನ ಎರಡನೆಯ ಅರ್ಜಿ ಬಾಕಿ’ ಎಂದು ಸೇರಿಸಿದರು.

ಮಳೆಗಾಲ ಹಿಡಿಯಿತು. ಅಂದಿನಿಂದ ಪ್ರತಿದಿನ ಬೆಳಿಗ್ಗೆ ಹತ್ತು ಗಂಟೆಗೆ, ಮಳೆ ಸುರಿಯುತ್ತಿದ್ದರೂ, ದೇವಮ್ಮ ಹೊಳೆಯಿಂದ ಎರಡು ಕೊಡ ನೀರು ತಂದು ಫಲಕದ ಮೇಲೆ ಹೊಯ್ಯುತ್ತಿದ್ದಳು. ಡೊಂಬಯ್ಯ ಮುಟ್ಟಾಳೆ ಹಾಕಿಕೊಂಡು ಎದುರು ಕೂತು ನೋಡುತ್ತಿದ್ದ. ದಾಟುವವರು ಒಮ್ಮೊಮ್ಮೆ ನಿಂತು ಕೇಳುತ್ತಿದ್ದರು.

“ಎಂತ ಡೊಂಬಯ್ಯ, ಧೂಳು ಉಂಟಾ?”

“ಇಲ್ಲ.”

“ನೀರು ಹಾಕಿದ್ದಕ್ಕೆ,” ಎಂದು ದೇವಮ್ಮ ಖಾಲಿ ಕೊಡವನ್ನು ಸೊಂಟಕ್ಕಿಡುತ್ತಿದ್ದಳು. ಅದು ಹೌದೆಂದು ಅವರು ಒಪ್ಪಿ, ಬಿದಿರು ಹಿಡಿದುಕೊಂಡು ಸಂಕ ದಾಟುತ್ತಿದ್ದರು.